ಗಂಟಲ ದ್ರವದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವುದು ಹೇಗೆ: ಕರಾವಳಿಯ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಯಾರಿಗಾದರೂ ಜ್ವರ ಬಂತೆಂದರೆ ನೆಂಟರು ಮೊದಲು ಕೇಳುವುದು, 'ಎನ್‌ಎಸ್1 ಮಾಡಿಸಿದ್ರಾ?' ಎಂದು. ಡೆಂಗಿ ವೈರಸ್ ನಮ್ಮ ರಕ್ತಕ್ಕೆ ಬಿಡುವ ಒಂದು ಪ್ರೋಟೀನಿನ ಹೆಸರು ಎನ್‌ಎಸ್1. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಸ್ವಲ್ಪ ಹೊತ್ತಿನಲ್ಲೇ ಗೆರೆ ತೋರಿಸುತ್ತಿದ್ದ ರ‍್ಯಾಪಿಡ್ ಆಂಟಿಜೆನ್ ಕಿಟ್ ಹುಡುಕುತ್ತಿದ್ದದ್ದೂ ವೈರಸ್ಸಿನ ಪ್ರೋಟೀನನ್ನೇ. ಅಂದರೆ ಪ್ರೋಟೀನ್ ನೋಡಿ ರೋಗ ಹೇಳುವುದು ನಮ್ಮ ಊರಿಗೆ ಹೊಸದೇನಲ್ಲ.

ಆದರೆ ಆ ಕಿಟ್‌ಗಳಿಗೆ ಪ್ರತಿಕಾಯ (ಆಂಟಿಬಾಡಿ) ಬೇಕು. ಹೊಸ ವೈರಸ್ ಬಂದಾಗ ಅದಕ್ಕೆ ಸರಿಯಾಗಿ ಅಂಟುವ ಪ್ರತಿಕಾಯ ತಯಾರಾಗಿ, ಕಿಟ್ ಆಗಿ, ಅಂಗಡಿಗೆ ಬರಲು ತಿಂಗಳುಗಳೇ ಬೇಕು. ಕೋವಿಡ್ ವೈರಸ್ಸಿನ ಜೀನೋಮ್ ಎಲ್ಲರಿಗೂ ಸಿಕ್ಕಿದ್ದು 2020ರ ಜನವರಿ ಎರಡನೇ ವಾರದ ಹೊತ್ತಿಗೆ. ದೇಶದ ಮೊದಲ ಪ್ರಕರಣ ಪಕ್ಕದ ಕೇರಳದಲ್ಲಿ ಪತ್ತೆಯಾಗಿದ್ದು ಜನವರಿ 30ಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೊದಲ ಆಂಟಿಜೆನ್ ಕಿಟ್ ಬಳಸಲು ಹೇಳಿದ್ದು ಜೂನ್‌ನಲ್ಲಿ. ಜೀನೋಮ್ ಕೈಗೆ ಬಂದ ದಿನವೇ ಮೇಜಿನ ಮುಂದೆ ಕೂತು ಶುರು ಮಾಡಬಹುದಾದ ದಾರಿ ಇನ್ನೊಂದಿದೆ. ವೈರಸ್ಸಿನ ಪ್ರೋಟೀನನ್ನು ತುಂಡು ಮಾಡಿ, ಆ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿ ಗುರುತಿಸುವುದು. ಈ ಲೇಖನ ಅದರ ಬಗ್ಗೆ.

ದೇರಳಕಟ್ಟೆ, ಕೊಣಾಜೆ, ಮಣಿಪಾಲದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವವರನ್ನು, ಆಸ್ಪತ್ರೆ ಲ್ಯಾಬ್‌ಗಳಲ್ಲಿ ದುಡಿಯುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ನಮ್ಮಲ್ಲಿ ಇದಕ್ಕೆ ನೆಲೆ ಇದೆ. ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಪ್ರೋಟಿಯೋಮಿಕ್ಸ್, ಅಂದರೆ ಪ್ರೋಟೀನ್‌ಗಳನ್ನು ಒಟ್ಟಾಗಿ ಅಧ್ಯಯನ ಮಾಡುವ ಕೇಂದ್ರ ಇದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಸಾವುಗಳ ಹಿಂದಿರುವುದು ನಿಪಾ ಎಂದು ಮೊದಲು ಗುರುತಿಸಿದ್ದು ಮಣಿಪಾಲದ ವೈರಾಣು ಪ್ರಯೋಗಾಲಯ. ಮುಂದಿನ ಸಲ ಹೊಸದೊಂದು ವೈರಸ್ ಬಂದರೆ ಮೊದಲ ವಾರದಲ್ಲೇ ಕೆಲಸ ಶುರು ಮಾಡಬಲ್ಲ ಹುಡುಗ ಹುಡುಗಿಯರು ಇಲ್ಲಿ ಹತ್ತಾರು ಮಂದಿ ಇರಬೇಕು ಎಂಬುದು ನನ್ನ ಆಸೆ. ಕಲಿಯಲು ಕೋವಿಡ್ ವೈರಸ್ಸಿಗಿಂತ ಒಳ್ಳೆಯ ಪಾಠ ಇಲ್ಲ. ಅದರ ಮಾಹಿತಿ ಎಲ್ಲವೂ ತೆರೆದಿದೆ, ಉಚಿತವಾಗಿದೆ.

ಮೊದಲು ಪ್ರೋಟೀನ್ ಆರಿಸಿ

ಕೋವಿಡ್ ವೈರಸ್ಸಿನ ಆರ್‌ಎನ್‌ಎ ಸುಮಾರು 30,000 ಅಕ್ಷರ ಉದ್ದ. ಅದರ ರಚನೆಯಲ್ಲಿ ನಾಲ್ಕು ಪ್ರೋಟೀನ್‌ಗಳಿವೆ: ಹೊರಗೆ ಚಾಚಿರುವ ಸ್ಪೈಕ್, ಪೊರೆಯಲ್ಲಿರುವ ಎಂ ಮತ್ತು ಇ, ಒಳಗೆ ಆರ್‌ಎನ್‌ಎಗೆ ಸುತ್ತಿಕೊಂಡಿರುವ ಎನ್. ಹೆಸರು ಮಾಡಿದ್ದು ಸ್ಪೈಕ್. ಪರೀಕ್ಷೆಗೆ ಬೇಕಾಗಿರುವುದು ಎನ್.

ಕಾರಣ ಸರಳ. ಸ್ಪೈಕ್‌ನಲ್ಲಿ 1273 ಅಮೈನೋ ಆಮ್ಲಗಳಿದ್ದರೂ ಅದರ ಮೇಲೆ 22 ಜಾಗಗಳಲ್ಲಿ ಸಕ್ಕರೆಯ ಸರಪಣಿ ಅಂಟಿಕೊಂಡಿರುತ್ತದೆ. ಸಕ್ಕರೆ ಅಂಟಿದ ತುಂಡಿನ ತೂಕ ಒಂದೊಂದು ಸಲ ಒಂದೊಂದು ರೀತಿ ಬರುತ್ತದೆ, ಹುಡುಕುವುದು ಕಷ್ಟ. ಮೇಲಾಗಿ ಸ್ಪೈಕ್ ಬೇಗ ಬೇಗ ರೂಪಾಂತರ ಆಗುತ್ತದೆ. ಎನ್ ಪ್ರೋಟೀನ್ ಚಿಕ್ಕದು, 419 ಅಮೈನೋ ಆಮ್ಲ. ಆದರೆ ಒಂದು ವೈರಸ್ ಕಣದಲ್ಲಿ ಸುಮಾರು 1000 ಪ್ರತಿ ಇರುತ್ತದೆ ಎಂದು ಅಂದಾಜು. ಸೋಂಕು ತಗಲಿದ ಜೀವಕೋಶದ ಒಳಗೂ ಅದು ರಾಶಿ ರಾಶಿ ತಯಾರಾಗುತ್ತದೆ. ರ‍್ಯಾಪಿಡ್ ಕಿಟ್‌ಗಳು ಎನ್ ಅನ್ನೇ ಹುಡುಕುವುದು ಇದಕ್ಕೇ.

ಬೇರೆ ವೈರಸ್ ಆದರೂ ಪ್ರಶ್ನೆ ಇದೇ: ಯಾವ ಪ್ರೋಟೀನ್ ಜಾಸ್ತಿ ಇದೆ, ಯಾವುದು ಕಡಿಮೆ ಬದಲಾಗುತ್ತದೆ? ಡೆಂಗಿಯಲ್ಲಿ ಇದಕ್ಕೆ ಉತ್ತರ ಎನ್‌ಎಸ್1, ಏಕೆಂದರೆ ಅದು ರಕ್ತಕ್ಕೇ ಬಂದು ಸೇರುತ್ತದೆ.

ಈಗ ತುಂಡು ಆರಿಸಿ. ಇಲ್ಲಿ ಆತುರ ಬೇಡ

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಇಲ್ಲಿ ಎಡವಿದರೆ ಮುಂದೆ ಎಷ್ಟು ಕೋಟಿಯ ಯಂತ್ರ ಇದ್ದರೂ ಪ್ರಯೋಜನ ಇಲ್ಲ. ಇದಕ್ಕೆ ಲ್ಯಾಪ್‌ಟಾಪ್ ಮತ್ತು ನೆಟ್ ಸಾಕು.

ಪ್ರೋಟೀನ್‌ಗಳ ವಿವರ ಇಟ್ಟಿರುವ ಯೂನಿಪ್ರಾಟ್ ಜಾಲತಾಣಕ್ಕೆ ಹೋಗಿ. ಕೋವಿಡ್ ವೈರಸ್ಸಿನ ಎನ್ ಪ್ರೋಟೀನಿನ ಗುರುತು ಸಂಖ್ಯೆ ಪಿ0ಡಿಟಿಸಿ9. ಪಿ ಆದ ಮೇಲೆ ಬರುವುದು ಸೊನ್ನೆ, ಓ ಅಲ್ಲ. ಅಲ್ಲಿ ಪ್ರತಿ ಅಮೈನೋ ಆಮ್ಲಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಆ 419 ಅಕ್ಷರಗಳ ಸಾಲನ್ನು ಕಾಪಿ ಮಾಡಿ, ಒಂದು ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ತೆಗೆಯಿರಿ.

ಪ್ರೋಟೀನ್ ಕತ್ತರಿಸಲು ನಾವು ಬಳಸುವ ಕಿಣ್ವ ಟ್ರಿಪ್ಸಿನ್. ಅದು ಕೆ ಮತ್ತು ಆರ್ ಅಕ್ಷರಗಳ ನಂತರ ಕತ್ತರಿಸುತ್ತದೆ, ಅಂದರೆ ಲೈಸಿನ್ ಮತ್ತು ಆರ್ಜಿನಿನ್ ಆದ ಮೇಲೆ. ಅದರ ಮುಂದೆ ಪಿ (ಪ್ರೋಲಿನ್) ಇದ್ದರೆ ಮಾತ್ರ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಪೆನ್ಸಿಲ್ ಹಿಡಿದು ಪ್ರತಿ ಕೆ, ಆರ್ ಪಕ್ಕ ಗೆರೆ ಎಳೆಯಿರಿ. ಇದನ್ನು ಒಂದು ಕ್ಷಣದಲ್ಲಿ ಮಾಡಿಕೊಡುವ ಸಾಫ್ಟ್‌ವೇರ್ ಇದೆ, ನಿಜ. ಆದರೂ ಮೊದಲ ಸಲ ಕೈಯಲ್ಲೇ ಮಾಡಿ. ಪ್ರೋಟೀನಿನ ಸ್ವಭಾವ ಕಣ್ಣಿಗೆ ಕಾಣುವುದು ಆಗಲೇ. ಎನ್‌ನ ನಡುಭಾಗದಲ್ಲಿ ಎಸ್ ಮತ್ತು ಆರ್ ಮತ್ತೆ ಮತ್ತೆ ಬರುವ ಒಂದು ಜಾಗ ಇದೆ. ಅಲ್ಲಿ ಗೆರೆ ಎಳೆದರೆ ಎರಡು, ನಾಲ್ಕು ಅಕ್ಷರಗಳ ಪುಡಿ ಪುಡಿ ತುಂಡುಗಳು ಸಿಗುತ್ತವೆ. ಅಂಥವು ಯಾರ ಪ್ರೋಟೀನಿನಲ್ಲಿ ಬೇಕಾದರೂ ಇರಬಹುದು, ಕೆಲಸಕ್ಕೆ ಬರುವುದಿಲ್ಲ.

ಇಟ್ಟುಕೊಳ್ಳಬೇಕಾದದ್ದು 8ರಿಂದ 20 ಅಕ್ಷರದ ಒಳಗಿನ ತುಂಡುಗಳು. ಅದರಲ್ಲೂ ಎಂ, ಅಂದರೆ ಮೆಥಿಯೋನಿನ್ ಇದ್ದರೆ ಪಕ್ಕಕ್ಕಿಡಿ. ಅದು ಗಾಳಿಯ ಆಮ್ಲಜನಕ ಹಿಡಿದು ತೂಕ ಹೆಚ್ಚಿಸಿಕೊಳ್ಳುತ್ತದೆ, ಸಿಗ್ನಲ್ ಎರಡು ಪಾಲಾಗುತ್ತದೆ.

ಹೀಗೆ ಸೋಸಿದಾಗ ಉಳಿಯುವವುಗಳಲ್ಲಿ ಎರಡು ತುಂಡುಗಳನ್ನು ಹತ್ತಿರದಿಂದ ನೋಡೋಣ. ಜಗತ್ತಿನ ಹಲವು ಲ್ಯಾಬ್‌ಗಳು ಬಳಸಿದ್ದು ಇವನ್ನೇ.

ಮೊದಲನೆಯದು: ಎ-ವೈ-ಎನ್-ವಿ-ಟಿ-ಕ್ಯೂ-ಎ-ಎಫ್-ಜಿ-ಆರ್.
ಎರಡನೆಯದು: ಎ-ಡಿ-ಇ-ಟಿ-ಕ್ಯೂ-ಎ-ಎಲ್-ಪಿ-ಕ್ಯೂ-ಆರ್.

ಎರಡೂ ಹತ್ತು ಅಕ್ಷರದವು. ಯಂತ್ರ ತೋರಿಸುವುದು ತೂಕವನ್ನು ವಿದ್ಯುದಂಶದ ಸಂಖ್ಯೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು. ಎರಡು ಧನ ವಿದ್ಯುದಂಶ ಹೊತ್ತಾಗ ಯಂತ್ರದಲ್ಲಿ ಮೊದಲನೆಯದು 563.79ರಲ್ಲಿ ಕಾಣುತ್ತದೆ, ಎರಡನೆಯದು 564.79ರಲ್ಲಿ. ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ಹತ್ತು ಅಮೈನೋ ಆಮ್ಲಗಳ ತೂಕ ಕೂಡಿಸಿ, ಒಂದು ನೀರಿನ ಅಣುವಿನ 18.01 ಸೇರಿಸಿ, ಎರಡು ಪ್ರೋಟಾನ್ ಸೇರಿಸಿ, ಎರಡರಿಂದ ಭಾಗಿಸಿ. ಉತ್ತರ ಸರಿ ಬಂತೆಂದರೆ ಈ ವಿದ್ಯೆಯ ಅರ್ಧ ಭಯ ಅಲ್ಲೇ ಹೋಗುತ್ತದೆ.

ಇವು ಕೋವಿಡ್ ವೈರಸ್ಸಿನದ್ದೇ ಎಂದು ಹೇಳುವುದು ಹೇಗೆ? ತುಂಡಿನ ಅಕ್ಷರಗಳನ್ನು ಬ್ಲಾಸ್ಟ್ ಎಂಬ, ಅಕ್ಷರ ಸಾಲುಗಳ ಹೋಲಿಕೆ ಹುಡುಕುವ ಸಾಧನದಲ್ಲಿ ಹಾಕಿ ಹುಡುಕಿ. ಮನುಷ್ಯನ ಪ್ರೋಟೀನ್, ಬಾಯಿಯ ಬ್ಯಾಕ್ಟೀರಿಯಾ, ಬೇರೆ ಕೊರೊನಾ ವೈರಸ್‌ಗಳು, ಎಲ್ಲದರ ಜೊತೆ ಹೋಲಿಸಿ. 2003ರ ಸಾರ್ಸ್ ವೈರಸ್‌ನಲ್ಲಿ ಮೊದಲನೆಯ ತುಂಡಿನ ಆರಂಭದ ಎ ಬದಲು ಕ್ಯೂ ಇದೆ, ಉಳಿದ ಒಂಬತ್ತೂ ಒಂದೇ. ಆ ಒಂದು ಅಕ್ಷರ ಸಾಕು, ತೂಕ ಬೇರೆ ಆಗಿಬಿಡುತ್ತದೆ. ಆದರೆ ಜಿ-ಎಫ್-ವೈ-ಎ-ಇ-ಜಿ-ಎಸ್-ಆರ್ ಎಂಬ ಇನ್ನೊಂದು ತುಂಡು ಎರಡೂ ವೈರಸ್‌ಗಳಲ್ಲಿ ಹಾಗೇ ಇದೆ. ಅದು ಎಷ್ಟು ಚೆನ್ನಾಗಿ ಸಿಗ್ನಲ್ ಕೊಟ್ಟರೂ ಅದೊಂದನ್ನೇ ನಂಬಿ ಇದು ಕೋವಿಡ್ ಎಂದು ಹೇಳಲು ಬರುವುದಿಲ್ಲ. ಹುಡುಕುವಾಗ ಇನ್ನೊಂದು ಎಚ್ಚರ: ಐ ಮತ್ತು ಎಲ್ ಅಕ್ಷರಗಳ ತೂಕ ಒಂದೇ. ಯಂತ್ರಕ್ಕೆ ಅವುಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೋಲಿಸುವಾಗ ಎರಡನ್ನೂ ಒಂದೇ ಎಂದು ಹಿಡಿಯಬೇಕು.

ಇವುಗಳಲ್ಲಿ ಕೊರತೆಯೇ ಇಲ್ಲ ಎಂದಲ್ಲ. ಎರಡನೆಯ ತುಂಡಿನ ಎಡಕ್ಕೆ ನೋಡಿ, ಸಾಲಾಗಿ ನಾಲ್ಕು ಕೆ ಇವೆ. ಟ್ರಿಪ್ಸಿನ್ ಒಮ್ಮೆ ನಾಲ್ಕನೆಯದರ ನಂತರ ಕತ್ತರಿಸುತ್ತದೆ, ಒಮ್ಮೆ ಮೂರನೆಯದರ ನಂತರ. ಆಗ ತುಂಡಿನ ತಲೆಗೆ ಒಂದು ಕೆ ಉಳಿದುಬಿಡುತ್ತದೆ, ತೂಕ ಬದಲಾಗುತ್ತದೆ. ಮೊದಲನೆಯ ತುಂಡಿನ ಬಲಕ್ಕೆ ಎರಡು ಆರ್ ಇವೆ, ಅಲ್ಲೂ ಇದೇ ಕಥೆ. ಇಷ್ಟಿದ್ದರೂ ಇವನ್ನೇ ಆರಿಸುವುದು ಏಕೆಂದರೆ ಇವು ಯಂತ್ರದಲ್ಲಿ ಜೋರಾಗಿ ಕಾಣುತ್ತವೆ. ಪುಸ್ತಕದ ನಿಯಮಕ್ಕೆ ಅಚ್ಚುಕಟ್ಟಾಗಿ ಹೊಂದುವ, ಆದರೆ ಕಾಣದೇ ಇರುವ ತುಂಡಿಗಿಂತ ಇದು ಮೇಲು.

ಈಗ ಡೆಲ್ಟಾ ವಿಷಯ. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯನ್ನು ಯಾರೂ ಮರೆತಿಲ್ಲ. ಆಗ ಹಬ್ಬಿದ ಡೆಲ್ಟಾದಲ್ಲಿ ಸ್ಪೈಕ್ ಮಾತ್ರ ಬದಲಾಗಿದ್ದಲ್ಲ, ಎನ್ ಪ್ರೋಟೀನಿನ 377ನೇ ಜಾಗದಲ್ಲಿ ಡಿ ಹೋಗಿ ವೈ ಬಂದಿತ್ತು. ಆ 377 ಬೀಳುವುದು ನಮ್ಮ ಎರಡನೆಯ ತುಂಡಿನ ಎರಡನೇ ಅಕ್ಷರದ ಮೇಲೆ! ಎ-ಡಿ-ಇ ಎಂದು ಶುರುವಾಗಬೇಕಾದದ್ದು ಎ-ವೈ-ಇ ಎಂದಾಯಿತು. 564.79 ಇದ್ದದ್ದು 588.80ಕ್ಕೆ ಜಿಗಿಯಿತು. ಹಳೆಯ ಸಂಖ್ಯೆಯೊಂದನ್ನೇ ಹಿಡಿದು ಕೂತ ಲ್ಯಾಬ್‌ನಲ್ಲಿ ವೈರಸ್ ತುಂಬಿ ತುಳುಕುವ ಸ್ಯಾಂಪಲ್ ಕೂಡ ನೆಗೆಟಿವ್ ಬರುತ್ತಿತ್ತು.

ಹಾಗಾಗಿ ನನ್ನ ಮಾತು ಇಷ್ಟೇ: ಯಾವತ್ತೂ ಒಂದೇ ತುಂಡನ್ನು ನೆಚ್ಚಬೇಡಿ. ಕಡಿಮೆ ಎಂದರೆ ಎರಡು, ಸಾಧ್ಯವಾದರೆ ಮೂರು ಬೇಕು, ಅದೂ ಪ್ರೋಟೀನಿನ ಬೇರೆ ಬೇರೆ ಭಾಗದಿಂದ. ಮೊದಲನೆಯ ತುಂಡು ಡೆಲ್ಟಾದಲ್ಲೂ ಬದಲಾಗಿರಲಿಲ್ಲ. ಹೊಸ ತಳಿಯ ಸುದ್ದಿ ಬಂದಾಗಲೆಲ್ಲ ಅದರ ಎನ್ ಪ್ರೋಟೀನಿನ ಸಾಲನ್ನು ತೆಗೆದು ನಿಮ್ಮ ತುಂಡುಗಳ ಮೇಲೆ ಬೆರಳಿಟ್ಟು ನೋಡಿ. ಕಾಲು ಗಂಟೆಯ ಕೆಲಸ.

ಸ್ಯಾಂಪಲ್ ಮುಟ್ಟುವ ಮೊದಲು

ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು, ಜೈವಿಕ ಸುರಕ್ಷಾ ಸಮಿತಿಯ ಅನುಮತಿಯೂ ಬೇಕು. ರೋಗಿಯ ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಇಲ್ಲಿ ಕನ್ನಡ ಒಂದೇ ಸಾಲುವುದಿಲ್ಲ. ತುಳು, ಬ್ಯಾರಿ, ಕೊಂಕಣಿಯಲ್ಲಿ ಕೂತು ವಿವರಿಸಬೇಕಾಗುತ್ತದೆ. ಸಹಿ ಹಾಕಿಸುವ ಅವಸರದಲ್ಲಿ ಇದನ್ನು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ.

ವೈರಸ್ ಬೆಳೆಸುವ ಕೆಲಸ ಬಿಎಸ್‌ಎಲ್-3, ಅಂದರೆ ಮೂರನೇ ಹಂತದ ಜೈವಿಕ ಸುರಕ್ಷತೆ ಇರುವ ಲ್ಯಾಬ್‌ನಲ್ಲಿ ಮಾತ್ರ. ನಮಗೆ ಅದು ಬೇಕಿಲ್ಲ. ನಾವು ಮೊದಲ ಹೆಜ್ಜೆಯಲ್ಲೇ ವೈರಸ್ಸನ್ನು ಸಾಯಿಸುತ್ತೇವೆ, ಪ್ರೋಟೀನ್ ಮಾತ್ರ ಉಳಿಸಿಕೊಳ್ಳುತ್ತೇವೆ. ಬಿಎಸ್‌ಎಲ್-2 ಸೌಲಭ್ಯದ ಸುರಕ್ಷತಾ ಕ್ಯಾಬಿನೆಟ್‌ನ ಒಳಗೆ ಸ್ಯಾಂಪಲ್ ತೆರೆದು, ಎಸ್‌ಡಿಎಸ್‌ನಂಥ ಡಿಟರ್ಜೆಂಟ್ ಇರುವ ದ್ರಾವಣ ಸೇರಿಸಿ, ಬಿಸಿ ಮಾಡುವುದು ರೂಢಿ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ನಿಮ್ಮ ಸಂಸ್ಥೆ ಪರಿಶೀಲಿಸಿ ಒಪ್ಪಿದ ವಿಧಾನದಂತೆಯೇ ಮಾಡಿ. ಅಂದಾಜಿಗೆ ಇಲ್ಲಿ ಜಾಗವಿಲ್ಲ. ಅದು ಮುಗಿಯುವ ತನಕ ಟ್ಯೂಬ್ ಕ್ಯಾಬಿನೆಟ್‌ನಿಂದ ಹೊರಗೆ ಬರಬಾರದು.

ಯಾವ ಸ್ಯಾಂಪಲ್, ಹೇಗೆ ತೆಗೆಯುವುದು

ಆಸ್ಪತ್ರೆಗಳಲ್ಲಿ ಸ್ವ್ಯಾಬ್ ಕಡ್ಡಿಯನ್ನು ವಿಟಿಎಂ ಎಂಬ ಗುಲಾಬಿ ದ್ರವದಲ್ಲಿ ಅದ್ದಿ ಕಳಿಸುತ್ತಾರೆ. ಆರ್‌ಟಿ-ಪಿಸಿಆರ್‌ಗೆ ಅದು ಸರಿ. ನಮಗೆ ಅದೇ ತಲೆನೋವು. ವಿಟಿಎಂನಲ್ಲಿ ಸಾಮಾನ್ಯವಾಗಿ ಹಸುವಿನ ಸೀರಮ್ ಅಥವಾ ಆಲ್ಬುಮಿನ್ ಹಾಕಿರುತ್ತಾರೆ. ವೈರಸ್ಸಿನ ಒಂದಿಷ್ಟು ಪ್ರೋಟೀನ್ ಆ ಆಲ್ಬುಮಿನ್ ರಾಶಿಯಲ್ಲಿ ಮುಳುಗಿಹೋಗುತ್ತದೆ. ಸಂಶೋಧನೆಗೆ ಮೊದಲೇ ಯೋಜನೆ ಹಾಕಿಕೊಳ್ಳುವುದಾದರೆ ಬರೀ ಸಲೈನ್‌ನಲ್ಲಿ ಇನ್ನೊಂದು ಕಡ್ಡಿ ತೆಗೆಯಲು ಅನುಮತಿ ಕೇಳಿ.

ಬಾಯಿ ಮುಕ್ಕಳಿಸಿದ ನೀರಿನಲ್ಲೂ ಆಗುತ್ತದೆ. 2020ರಲ್ಲಿ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದವರು ಕೋವಿಡ್ ರೋಗಿಗಳು ಗಂಟಲು ಗಳಗಳ ಮಾಡಿ ಉಗುಳಿದ ದ್ರವದಲ್ಲೇ ವೈರಸ್ಸಿನ ಪ್ರೋಟೀನ್ ತುಂಡುಗಳನ್ನು ಗುರುತಿಸಿ ತೋರಿಸಿದರು. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲು ಹೆದರುವ ಮಕ್ಕಳು, ವಯಸ್ಸಾದವರಿಗೆ ಇದು ಎಷ್ಟೋ ಹಿತ. ಆದರೆ ಈ ಊರಿನಲ್ಲಿ ಮಾಡುವಾಗ ಒಂದೆರಡು ಮಾತು ಮೊದಲೇ ಕೇಳಿಕೊಳ್ಳಿ. 'ಚಾ ಕುಡಿದು ಎಷ್ಟು ಹೊತ್ತಾಯ್ತಮ್ಮ?' ಎಂದು ಕೇಳಿ, ಏಕೆಂದರೆ ಹಾಲಿನ ಕೇಸಿನ್ ನಿಮ್ಮ ಸ್ಯಾಂಪಲ್‌ನಲ್ಲಿ ಬಂದು ಕೂರುತ್ತದೆ. ಎಲೆಯಡಿಕೆ ಹಾಕುವ ಅಜ್ಜ ಅಜ್ಜಿಯರಾದರೆ ಇನ್ನೂ ಮುಖ್ಯ. ಅಡಿಕೆಯಲ್ಲಿರುವ ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುತ್ತದೆ. ಬೆಳಿಗ್ಗೆ ಏನೂ ತಿನ್ನುವ ಮೊದಲು, ಒಮ್ಮೆ ಬರೀ ನೀರಿನಲ್ಲಿ ಬಾಯಿ ತೊಳೆದು, ಆಮೇಲೆ ಮುಕ್ಕಳಿಸಲು ಹೇಳುವುದು ಒಳ್ಳೆಯದು.

ಕೆಲಸ ತಡವಾದರೆ ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿಡಿ. ಕರಗಿಸುವುದು, ಮತ್ತೆ ಗಟ್ಟಿ ಮಾಡುವುದು ಬೇಡ. ಮೊದಲೇ ಸಣ್ಣ ಸಣ್ಣ ಪಾಲು ಮಾಡಿಟ್ಟುಕೊಳ್ಳಿ.

ಬೆಂಚಿನ ಮೇಲೆ

ವೈರಸ್ ಸತ್ತ ಸ್ಯಾಂಪಲ್‌ಗೆ ನಾಲ್ಕು ಪಾಲು ತಣ್ಣನೆಯ ಅಸಿಟೋನ್ ಸೇರಿಸಿ, ಮೈನಸ್ 20ರಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೆಂಟ್ರಿಫ್ಯೂಜ್ ಮಾಡಿದರೆ ಪ್ರೋಟೀನ್ ಟ್ಯೂಬಿನ ತಳಕ್ಕೆ ಕೂರುತ್ತದೆ, ಉಪ್ಪು ಮತ್ತು ಡಿಟರ್ಜೆಂಟ್‌ನ ಬಹುಪಾಲು ಮೇಲೆ ಉಳಿಯುತ್ತದೆ. ಮೇಲಿನದನ್ನು ಚೆಲ್ಲಿ, ಒಂದೆರಡು ಸಲ ಅಸಿಟೋನ್‌ನಲ್ಲಿ ತೊಳೆದು, ತಳದಲ್ಲಿರುವುದನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ. ಎಷ್ಟು ಪ್ರೋಟೀನ್ ಇದೆ ಎಂದು ಬಿಸಿಎ ವಿಧಾನದಲ್ಲಿ ಅಳೆಯಿರಿ.

ಯೂರಿಯಾ ದ್ರಾವಣವನ್ನು ಅವತ್ತವತ್ತೇ ಮಾಡಿ. ನಮ್ಮ ಸೆಖೆಗೆ ಬೆಂಚಿನ ಮೇಲೆ ಬಿಟ್ಟ ಹಳೆಯ ಯೂರಿಯಾ ಒಡೆದು ಸಯನೇಟ್ ಆಗುತ್ತದೆ, ಅದು ಪ್ರೋಟೀನಿಗೆ ಅಂಟಿ ತೂಕ ಕೆಡಿಸುತ್ತದೆ. ಯೂರಿಯಾ ಹಾಕಿದ ಮೇಲೆ 37 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಲೇಬೇಡಿ.

ಮುಂದಿನದು ಡಿಟಿಟಿ ಹಾಕಿ ಸಿಸ್ಟೀನ್‌ಗಳ ನಡುವಿನ ಗಂಟು ಬಿಡಿಸುವುದು, ಆಮೇಲೆ ಅದು ಮತ್ತೆ ಬೀಳದ ಹಾಗೆ ಅಯೋಡೋ ಅಸಿಟಮೈಡ್ ಹಾಕಿ ಅರ್ಧ ಗಂಟೆ ಕತ್ತಲಲ್ಲಿಡುವುದು. ಎಲ್ಲ ಪುಸ್ತಕಗಳಲ್ಲೂ ಈ ಹಂತ ಕಡ್ಡಾಯ ಎಂಬ ಹಾಗೆ ಬರೆದಿರುತ್ತದೆ. ಆದರೆ ನೀವು ಪ್ರಿಂಟ್ ತೆಗೆದ ಆ ಕಾಗದವನ್ನು ಮತ್ತೊಮ್ಮೆ ನೋಡಿ. ಎನ್ ಪ್ರೋಟೀನಿನ 419 ಅಕ್ಷರಗಳಲ್ಲಿ ಒಂದೇ ಒಂದು ಸಿ, ಅಂದರೆ ಸಿಸ್ಟೀನ್ ಇಲ್ಲ! ಬಿಡಿಸಲು ಗಂಟೇ ಇಲ್ಲ. ದಿನಕ್ಕೆ ನೂರಾರು ಸ್ಯಾಂಪಲ್ ನೋಡಬೇಕಾದ, ಎನ್ ಒಂದನ್ನೇ ಹುಡುಕುವ ಪರೀಕ್ಷೆಯಲ್ಲಿ ಈ ಹಂತ ಬಿಟ್ಟು ಸಮಯ ಉಳಿಸಬಹುದು. ರೋಗಿಯ ಪ್ರೋಟೀನ್‌ಗಳನ್ನೂ ನೋಡುವುದಾದರೆ ಮಾತ್ರ ಬಿಡಬೇಡಿ.

ಟ್ರಿಪ್ಸಿನ್ ಹಾಕುವ ಮೊದಲು ಯೂರಿಯಾವನ್ನು 1 ಮೋಲಾರ್‌ಗಿಂತ ಕಡಿಮೆಗೆ ಇಳಿಸಿ, ಇಲ್ಲದಿದ್ದರೆ ಟ್ರಿಪ್ಸಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. 50 ಪಾಲು ಪ್ರೋಟೀನಿಗೆ 1 ಪಾಲು ಟ್ರಿಪ್ಸಿನ್, 37 ಡಿಗ್ರಿ, ಒಂದು ರಾತ್ರಿ. ಬೆಳಿಗ್ಗೆ ಫಾರ್ಮಿಕ್ ಆಮ್ಲ ಹಾಕಿ ನಿಲ್ಲಿಸಿ. ಸಿ18 ಎಂಬ ಸೋಸುಕದಲ್ಲಿ ತೊಳೆದು, ಒಣಗಿಸಿ, 0.1% ಫಾರ್ಮಿಕ್ ಆಮ್ಲದಲ್ಲಿ ಕರಗಿಸಿಟ್ಟುಕೊಳ್ಳಿ.

ಕೈಗೆ ಗ್ಲೌಸ್, ತಲೆಗೆ ಟೋಪಿ ಬಿಡಬೇಡಿ. ನಮ್ಮ ಚರ್ಮ, ಕೂದಲಿನ ಕೆರಟಿನ್ ಬಿದ್ದರೆ ಯಂತ್ರದಲ್ಲಿ ಅದೇ ಎದ್ದು ಕಾಣುತ್ತದೆ. ಬೆವರು ಒರೆಸಿಕೊಂಡ ಕೈಯಲ್ಲಿ ಟ್ಯೂಬ್ ಮುಚ್ಚಳ ತೆಗೆಯುವುದಂತೂ ಬೇಡವೇ ಬೇಡ.

ಯಂತ್ರದ ಒಳಗೆ ಏನಾಗುತ್ತದೆ

ಆರ್‌ಟಿ-ಪಿಸಿಆರ್‌ಗೆ ಒಂದು ದೊಡ್ಡ ಅನುಕೂಲ ಇದೆ. ಒಂದು ಚಮಚ ಹೆಪ್ಪಿನಿಂದ ಇಡೀ ಪಾತ್ರೆಯ ಹಾಲು ಮೊಸರಾಗುವ ಹಾಗೆ, ಅಲ್ಲಿ ಚೂರು ಆರ್‌ಎನ್‌ಎ ಇದ್ದರೂ ಸಾಕು, ಪ್ರತಿ ಸುತ್ತಿನಲ್ಲಿ ಎರಡರಷ್ಟಾಗಿ ಬೆಳೆಯುತ್ತದೆ. ಪ್ರೋಟೀನನ್ನು ಹಾಗೆ ಬೆಳೆಸಲು ಬರುವುದಿಲ್ಲ. ಇದ್ದಷ್ಟನ್ನೇ ಕಾಣಬೇಕು. ಲೆಕ್ಕ ಹಾಕಿ ನೋಡಿ: 1 ಫೆಮ್ಟೋಮೋಲ್ ಎಂದರೆ ಸುಮಾರು 60 ಕೋಟಿ ಅಣು. ಒಂದು ವೈರಸ್ಸಿನಲ್ಲಿ 1000 ಎನ್ ಇದೆ ಎಂದುಕೊಂಡರೆ ಅಷ್ಟು ಎನ್ ಸಿಗಲು 6 ಲಕ್ಷ ವೈರಸ್ ಬೇಕು. ಒಳ್ಳೆಯ ಯಂತ್ರಗಳು ಇದಕ್ಕಿಂತ ಕಡಿಮೆಯನ್ನೂ ಗುರುತಿಸುತ್ತವೆ, ಸೋಂಕಿನ ಮೊದಲ ದಿನಗಳಲ್ಲಿ ಗಂಟಲಲ್ಲಿ ವೈರಸ್ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಆದರೆ ವಾರ ಕಳೆದು ವೈರಸ್ ಇಳಿದವರಲ್ಲಿ ಈ ದಾರಿ ಸೋಲುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗಬೇಕು.

ಎಲ್ಲವನ್ನೂ ನೋಡುವ ಹಾಗೆ ಯಂತ್ರ ಓಡಿಸಿದರೆ ಮನುಷ್ಯನ ಪ್ರೋಟೀನ್‌ಗಳ ಸಂತೆಯಲ್ಲಿ ವೈರಸ್ ಕಾಣದೇ ಹೋಗಬಹುದು. ರೋಗ ಪತ್ತೆಗೆ ಬೇಕಾದದ್ದು ಗುರಿಯಿಟ್ಟು ನೋಡುವ ವಿಧಾನ. ಇದಕ್ಕೆ ಪಿಆರ್‌ಎಂ ಅಥವಾ ಎಂಆರ್‌ಎಂ ಎನ್ನುತ್ತಾರೆ. 563.79 ಇರುವುದನ್ನು ಮಾತ್ರ ಒಳಗೆ ಬಿಡು, ಅದನ್ನು ಒಡೆ, ಒಡೆದ ಚೂರುಗಳನ್ನು ತೂಗು ಎಂದು ಯಂತ್ರಕ್ಕೆ ಹೇಳುತ್ತೀರಿ. ಮೊದಲನೆಯ ತುಂಡು ಒಡೆದಾಗ ಬಾಲದ ಕಡೆಯಿಂದ 892.46, 778.42, 679.35, 578.30 ಎಂಬ ಚೂರುಗಳು ಬರುತ್ತವೆ. ಒಂದರಿಂದ ಇನ್ನೊಂದನ್ನು ಕಳೆಯಿರಿ: ಮೊದಲ ವ್ಯತ್ಯಾಸ ಎನ್ ಎಂಬ ಅಮೈನೋ ಆಮ್ಲದ ತೂಕ, ಎರಡನೆಯದು ವಿ, ಮೂರನೆಯದು ಟಿ. ಅಕ್ಷರ ಅಕ್ಷರವಾಗಿ ಓದಿದಂತಾಯಿತು, ಅಲ್ವಾ?

ಎರಡನೆಯ ತುಂಡಿನಲ್ಲಿ ಪಿ ಇರುವುದರಿಂದ ಅದು ಅದರ ಎಡಕ್ಕೆ ಸುಲಭವಾಗಿ ಒಡೆಯುತ್ತದೆ, 400.23ರ ಚೂರು ಜೋರಾಗಿ ಬರುತ್ತದೆ. ಡೆಲ್ಟಾದ ಬದಲಾವಣೆ ತುಂಡಿನ ತಲೆಯ ಕಡೆ ಇರುವುದರಿಂದ ಬಾಲದ ಈ ಚೂರು ಡೆಲ್ಟಾದಲ್ಲೂ ಹಾಗೇ ಇರುತ್ತದೆ. ಒಳಗೆ ಬಿಡುವ ಸಂಖ್ಯೆಯನ್ನು 588.80 ಎಂದು ಇನ್ನೊಂದು ಸಾಲು ಸೇರಿಸಿದರೆ ಸಾಕು, ಎರಡೂ ತಳಿ ಸಿಗುತ್ತವೆ.

ಕರಾವಳಿಯಲ್ಲಿ ಈ ಯಂತ್ರ ಸಾಕುವುದು ಸುಲಭವಲ್ಲ. ಅದರ ಒಳಗೆ ಹಗಲೂ ರಾತ್ರಿ ನಿರ್ವಾತ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಸಿಡಿಲು, ಕರೆಂಟು ಹೋಗುವುದು, ಗೋಡೆಯೇ ಬೆವರುವಂಥ ತೇವ. ಒಳ್ಳೆಯ ಯುಪಿಎಸ್, ಜನರೇಟರ್, ತೇವ ತೆಗೆಯುವ ಯಂತ್ರ ಇವುಗಳಿಗೆ ಯೋಜನೆಯ ಬಜೆಟ್‌ನಲ್ಲೇ ಹಣ ಇಡಿ.

ಪಾಸಿಟಿವ್ ಎನ್ನುವ ಮೊದಲು

ಪರದೆಯ ಮೇಲೆ ಒಂದು ಶಿಖರ ಕಂಡ ಕೂಡಲೇ ಸಂತೋಷ ಪಡಬೇಡಿ. ಅದೇ ತೂಕದ ಬೇರೇನೋ ಇರಬಹುದು.

ಇದಕ್ಕೆ ಪರಿಹಾರ 'ಭಾರದ' ಪೆಪ್ಟೈಡ್. ಪೆಪ್ಟೈಡ್ ಎಂದರೆ ಪ್ರೋಟೀನಿನ ತುಂಡು. ನಿಮ್ಮ ತುಂಡನ್ನೇ ಹೊರಗೆ ಮಾಡಿಸಿಕೊಳ್ಳುತ್ತೀರಿ, ಆದರೆ ಕೊನೆಯ ಆರ್‌ನಲ್ಲಿ ಭಾರದ ಕಾರ್ಬನ್, ನೈಟ್ರೋಜನ್ ಇರುತ್ತದೆ. ನಡೆನುಡಿಯೆಲ್ಲ ಒಂದೇ, ತೂಕ ಮಾತ್ರ 10 ಹೆಚ್ಚು. ಎರಡು ವಿದ್ಯುದಂಶಕ್ಕೆ ಅದು 5 ಆಗಿ, 563.79ರ ಜೊತೆಗೆ 568.79ರಲ್ಲಿ ಕಾಣುತ್ತದೆ. ಪ್ರತಿ ಸ್ಯಾಂಪಲ್‌ಗೂ ಗೊತ್ತಿರುವ ಪ್ರಮಾಣದಲ್ಲಿ ಇದನ್ನು ಸೇರಿಸಿ. ಯಂತ್ರಕ್ಕೆ ಹೋಗುವ ಮೊದಲು ತುಂಡುಗಳು ಕಾಲಂ ಎಂಬ ಸಣ್ಣ ಕೊಳವೆಯಲ್ಲಿ ಹಾದು ಬೇರೆ ಬೇರೆಯಾಗುತ್ತವೆ. ಅದರಿಂದ ರೋಗಿಯ ತುಂಡು ಮತ್ತು ಭಾರದ ತುಂಡು ಒಂದೇ ಸಮಯಕ್ಕೆ ಹೊರಬರಬೇಕು. ಕನಿಷ್ಠ ಮೂರು ಚೂರುಗಳು ಕಾಣಬೇಕು, ಅವುಗಳ ಎತ್ತರದ ಅನುಪಾತವೂ ಭಾರದ್ದರ ಹಾಗೇ ಇರಬೇಕು. ಇಷ್ಟೂ ಎರಡು ಬೇರೆ ಬೇರೆ ತುಂಡುಗಳಲ್ಲಿ ಹೊಂದಿದರೆ ಪಾಸಿಟಿವ್ ಎನ್ನಿ. ಒಂದರಲ್ಲಿ ಮಾತ್ರ ಕಂಡರೆ 'ಮತ್ತೊಮ್ಮೆ ನೋಡಬೇಕು' ಎಂದು ಬರೆಯಿರಿ. ಭಾರದ್ದೇ ಕಾಣದಿದ್ದರೆ ಆ ಸ್ಯಾಂಪಲ್ ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ ಎಂದರ್ಥ.

ವೈರಸ್ ಜಾಸ್ತಿ ಇರುವ ಸ್ಯಾಂಪಲ್ ಆದ ಮೇಲೆ ಒಂದು ಖಾಲಿ ಸ್ಯಾಂಪಲ್ ಓಡಿಸಿ. ಕಾಲಂನಲ್ಲಿ ಉಳಿದ ತುಂಡು ಮುಂದಿನವರ ಲೆಕ್ಕಕ್ಕೆ ಹೋಗಬಾರದು. ಒಬ್ಬರ ಸೋಂಕು ಇನ್ನೊಬ್ಬರ ಹೆಸರಿಗೆ ಬಂದರೆ ಆ ಮನೆಯವರ ಪಾಡು ಏನಾಗುತ್ತದೆ ಎಂಬುದನ್ನು 2020ರಲ್ಲಿ ನಾವೆಲ್ಲ ನೋಡಿದ್ದೇವೆ. ಬಾಗಿಲಿಗೆ ನೋಟಿಸ್, ನೆರೆಹೊರೆಯವರ ದೂರ. ತಪ್ಪು ಪಾಸಿಟಿವ್ ಎಂಬುದು ಬರೀ ಅಂಕಿ ಅಲ್ಲ.

ಈ ವಿಧಾನ ಎಷ್ಟು ನಂಬಬಹುದು? ಬ್ರೆಜಿಲ್‌ನ ಒಂದು ತಂಡ 2020ರಲ್ಲಿ 985 ಸ್ಯಾಂಪಲ್‌ಗಳಲ್ಲಿ ಎನ್ ತುಂಡುಗಳನ್ನು ಹುಡುಕಿತು. ಪಾಸಿಟಿವ್ ಇದ್ದವರಲ್ಲಿ 84% ತನಕ ಹಿಡಿಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನವರು 2021ರಲ್ಲಿ ಪ್ರತಿಕಾಯ ಕಟ್ಟಿದ ಮ್ಯಾಗ್ನೆಟಿಕ್ ಮಣಿಗಳಿಂದ ಮೊದಲು ಹಿಡಿದು, ಆಮೇಲೆ ಯಂತ್ರಕ್ಕೆ ಹಾಕಿದರು. ಅವರಿಗೆ ಸುಮಾರು 98% ಸಿಕ್ಕಿತು. ನಮ್ಮ ಐಸಿಎಂಆರ್ 2020ರ ಜೂನ್‌ನಲ್ಲಿ ಒಪ್ಪಿದ ಮೊದಲ ರ‍್ಯಾಪಿಡ್ ಕಿಟ್ ಹಿಡಿದದ್ದು 50.6%ರಿಂದ 84%. ಹಾಗಾಗಿಯೇ ಲಕ್ಷಣ ಇದ್ದು ಕಿಟ್ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಕಡ್ಡಾಯ ಮಾಡಿದ್ದು. ನನ್ನ ಅಭಿಪ್ರಾಯದಲ್ಲಿ ಮೊದಲ ವಾರಗಳಲ್ಲಿ ಪ್ರತಿಕಾಯ ಇಲ್ಲದ ಸರಳ ವಿಧಾನ, ಪ್ರತಿಕಾಯ ಸಿಕ್ಕ ಮೇಲೆ ಮಣಿಗಳ ವಿಧಾನ ಎಂದು ಯೋಜನೆ ಹಾಕಿಕೊಳ್ಳುವುದು ಸೂಕ್ತ.

ಸಂಶೋಧನೆಯ ಲ್ಯಾಬ್‌ನಲ್ಲಿ ಬಂದ ಫಲಿತಾಂಶವನ್ನು ರೋಗಿಯ ಕೈಗೆ ವರದಿಯಾಗಿ ಕೊಡುವ ಹಾಗಿಲ್ಲ. ಆರ್‌ಟಿ-ಪಿಸಿಆರ್ ಜೊತೆ ಹೋಲಿಸಿ, ಮಾನ್ಯತೆ ಪಡೆದ ಮೇಲಿನ ಮಾತು ಅದು.

ರೋಗಿಯ ದೇಹ ಏನು ಹೇಳುತ್ತದೆ

ಇಷ್ಟು ಹೊತ್ತು ಹೇಳಿದ್ದು ಪತ್ತೆ ಮಾಡುವ ವಿಷಯ. ವೈರಸ್ಸನ್ನು ಅರ್ಥ ಮಾಡಿಕೊಳ್ಳಲು ಇದೇ ಯಂತ್ರವನ್ನು ಬೇರೆ ರೀತಿ ಬಳಸುತ್ತಾರೆ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ವೈರಸ್ಸಿನ 26 ಪ್ರೋಟೀನ್‌ಗಳನ್ನು ಒಂದೊಂದಾಗಿ ಮನುಷ್ಯನ ಜೀವಕೋಶದಲ್ಲಿ ಬಿಟ್ಟು, ಯಾವ ಯಾವುದು ನಮ್ಮ ಯಾವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ ಎಂದು ನೋಡಿತು. 332 ಜೋಡಿ ಸಿಕ್ಕವು. ಈಗಾಗಲೇ ಇರುವ ಯಾವ ಔಷಧ ಆ ಜೋಡಿಯನ್ನು ಬಿಡಿಸಬಹುದು ಎಂದು ಹುಡುಕಲು ಅದು ದಾರಿ ಮಾಡಿತು. ಮುಂಬಯಿಯ ಐಐಟಿಯಲ್ಲಿ ರೋಗಿಗಳ ಸ್ವ್ಯಾಬ್ ಮತ್ತು ಪ್ಲಾಸ್ಮಾ ತೆಗೆದು, ಕಾಯಿಲೆ ಜೋರಾದವರಲ್ಲಿ ಯಾವ ಪ್ರೋಟೀನ್ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ನೋಡಿದರು. ಇಂಥ ಕೆಲಸಕ್ಕೆ ಹೋಗುವವರು ರೋಗಿಯ ವಯಸ್ಸು, ಸಕ್ಕರೆ ಕಾಯಿಲೆ, ಜ್ವರ ಬಂದು ಎಷ್ಟನೇ ದಿನ, ಇವನ್ನು ಬರೆದಿಟ್ಟುಕೊಳ್ಳದೆ ಸ್ಯಾಂಪಲ್ ತೆಗೆದುಕೊಳ್ಳಬೇಡಿ. ಆಮೇಲೆ ಆ ಮಾಹಿತಿ ಸಿಗುವುದಿಲ್ಲ.

ಯಂತ್ರ ಇಲ್ಲದವರು ಇವತ್ತೇ ಮಾಡಬಹುದಾದದ್ದು

ಪ್ರೈಡ್ ಎಂಬ ಭಂಡಾರದಲ್ಲಿ ಜಗತ್ತಿನ ಲ್ಯಾಬ್‌ಗಳು ತಮ್ಮ ಯಂತ್ರದ ಮೂಲ ಫೈಲ್‌ಗಳನ್ನು ಉಚಿತವಾಗಿ ಇಟ್ಟಿವೆ. ಕೋವಿಡ್ ಹೆಸರಲ್ಲಿ ಹುಡುಕಿದರೆ ಸ್ವ್ಯಾಬ್, ಮುಕ್ಕಳಿಸಿದ ನೀರು, ಪ್ಲಾಸ್ಮಾ ಎಲ್ಲ ಸಿಗುತ್ತವೆ. ಫೈಲ್ ದೊಡ್ಡದಿರುತ್ತದೆ, ಕಾಲೇಜಿನ ನೆಟ್‌ನಲ್ಲಿ ಇಳಿಸಿಕೊಳ್ಳಿ. ಸ್ಕೈಲೈನ್ ಎಂಬ ಸಾಫ್ಟ್‌ವೇರ್ ಕೂಡ ಉಚಿತ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ.

ಮೊದಲು ಎನ್ ಪ್ರೋಟೀನಿನ ಸಾಲನ್ನು ಸ್ಕೈಲೈನ್‌ಗೆ ಕೊಡಿ, ಅದೇ ಟ್ರಿಪ್ಸಿನ್ ತುಂಡುಗಳನ್ನು ಮಾಡುತ್ತದೆ. ನೀವು ಪೆನ್ಸಿಲ್‌ನಲ್ಲಿ ಮಾಡಿದ್ದರ ಜೊತೆ ತಾಳೆ ನೋಡಿ. ಆಮೇಲೆ ಒಂದು ಪಾಸಿಟಿವ್, ಒಂದು ನೆಗೆಟಿವ್ ಸ್ಯಾಂಪಲ್‌ನ ಫೈಲ್ ತೆರೆದು 563.79 ಮತ್ತು 564.79ರಲ್ಲಿ ಏನಿದೆ ನೋಡಿ. ಮೂರು ಚೂರುಗಳು ಒಂದೇ ಸಮಯಕ್ಕೆ ಏಳುತ್ತವೆಯೇ? ನೆಗೆಟಿವ್‌ನಲ್ಲಿ ಅದೇ ಜಾಗ ಸಪಾಟಾಗಿದೆಯೇ? ಸ್ಯಾಂಪಲ್ 2021ರ ಮಧ್ಯದ್ದಾದರೆ 588.80 ಅನ್ನೂ ಹಾಕಿ ನೋಡಿ. ಏನೂ ಕಾಣದಿದ್ದರೆ ಮೊದಲು ಫೈಲ್‌ನ ಜೊತೆಗಿರುವ ವಿವರ ಓದಿ, ಅವರು ಟ್ರಿಪ್ಸಿನ್ ಬಿಟ್ಟು ಬೇರೆ ಕಿಣ್ವ ಬಳಸಿರಬಹುದು, ಅಥವಾ ಗುರಿಯಿಟ್ಟ ತುಂಡುಗಳ ಪಟ್ಟಿಯಲ್ಲಿ ಇವು ಇಲ್ಲದಿರಬಹುದು.

ಇದು ಕೈಗೆ ಬಂದ ಮೇಲೆ ಡೆಂಗಿಯ ಎನ್‌ಎಸ್1 ತೆಗೆದುಕೊಳ್ಳಿ. ಡೆಂಗಿಯಲ್ಲಿ ನಾಲ್ಕು ಬಗೆಗಳಿವೆ. ನಾಲ್ಕರ ಸಾಲನ್ನೂ ಒಂದರ ಕೆಳಗೆ ಒಂದು ಇಟ್ಟು, ಎಲ್ಲದರಲ್ಲೂ ಇರುವ ತುಂಡು ಯಾವುದು, ಒಂದೊಂದಕ್ಕೇ ಸೀಮಿತವಾದದ್ದು ಯಾವುದು ಎಂದು ಪಟ್ಟಿ ಮಾಡಿ. ಅದಾದ ಮೇಲೆ ಮಂಗನ ಕಾಯಿಲೆಯ ವೈರಸ್ಸಿನ ಎನ್‌ಎಸ್1 ಹಿಡಿಯಿರಿ. ಡೆಂಗಿ ವೈರಸ್ ಇರುವ ಕುಟುಂಬಕ್ಕೇ ಅದೂ ಸೇರಿದ್ದು, ಆದ್ದರಿಂದ ಬ್ಲಾಸ್ಟ್‌ನಲ್ಲಿ ಎರಡರಲ್ಲೂ ಒಂದೇ ಇರುವ ತುಂಡುಗಳನ್ನು ಮೊದಲೇ ಹೊಡೆದುಹಾಕಿ.